ಗಾಜಿನ ಪೆಟ್ಟಿಗೆಯ ಹಗ್ಗ

"ಆ ಹಗ್ಗ ನನಗೆ ವಾಪಸ್ ಕೊಡ್ತೀರಾ ಸಾರ್?"

ಕೇಂದ್ರದ ಬಾಗಿಲಲ್ಲಿ ನಿಂತು ತಾಯಿ ಕೇಳಿದಳು. ಮಗಳು ಪಕ್ಕದಲ್ಲೇ ಅವಳ ಕೈಚೀಲ ಹಿಡಿದು ನಿಂತಿದ್ದಳು. ಮೇಜು ಕುರ್ಚಿಗಳನ್ನು ಲಾರಿಗೆ ಹೇರಿಸುವ ಗಡಿಬಿಡಿಯಲ್ಲಿದ್ದ ಕಂಪನಿಯ ಅಧಿಕಾರಿಗೆ ಯಾವ ಹಗ್ಗ ಎಂದು ಹೊಳೆಯಲಿಲ್ಲ. ಅವಳು ಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಬಿಳಿ ಬಟ್ಟೆಯ ಮೇಲೆ, ಸುತ್ತಿಟ್ಟ ಹಗ್ಗ. ಕೆಳಗೊಂದು ಹಿತ್ತಾಳೆಯ ಫಲಕ: 'ಇನ್ನೆಂದೂ ಬೇಡ'.

ಹಗ್ಗ ಆ ಮಗಳದೇ. ಮನೆಯಲ್ಲಿ ಅವಳನ್ನು ಕರೆಯುವುದು ಗಿಣಿ ಎಂದು. ಮಾತು ಬರುವುದಿಲ್ಲವೆಂದು ಗೊತ್ತಾಗುವ ಮೊದಲೇ ಅಂಟಿಕೊಂಡ ಹೆಸರು, ಆಮೇಲೆ ಬಿಡಿಸಲು ಯಾರಿಗೂ ಮನಸ್ಸಾಗಲಿಲ್ಲ. ಬಾಗಿಲು ತೆರೆದಿದ್ದರೆ ಸಾಕು, ರಸ್ತೆಗೆ ಓಡುವ ಹುಡುಗಿ. ಒಮ್ಮೆ ಬಸ್ಸಿನ ಚಕ್ರ ಕೂದಲೆಳೆಯಲ್ಲಿ ತಪ್ಪಿತ್ತು. ಅಪ್ಪನೆಂಬವನು ಹೇಳದೆ ಕೇಳದೆ ಹೊರಟುಹೋಗಿದ್ದ. ತಾಯಿ ರಟ್ಟಿನ ಡಬ್ಬಿ ಫ್ಯಾಕ್ಟರಿಗೆ ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯದು. ಹಾಗಾಗಿ ಹಗ್ಗದ ಒಂದು ತುದಿ ಮಂಚದ ಕಾಲಿಗೆ, ಇನ್ನೊಂದು ಮಗಳ ಕಾಲಿಗೆ. ಕಂಪನಿ ಸಮಾಜಸೇವೆಗೆಂದು ಎತ್ತಿಡಬೇಕಾದ ತನ್ನ ಸಿಎಸ್‌ಆರ್ ಹಣದಲ್ಲಿ ಇಂಥ ಮಕ್ಕಳಿಗಾಗಿ ಈ ಕೇಂದ್ರ ತೆರೆದ ದಿನ ಇದೇ ಅಧಿಕಾರಿ ಅವರ ಮನೆಗೆ ಬಂದು, ತನ್ನ ಕೈಯಾರೆ ಆ ಗಂಟು ಬಿಚ್ಚಿದ್ದ. ಗಳಗಳನೆ ಅತ್ತಿದ್ದ. ಫೋಟೋಗಾಗಿ ಅಲ್ಲ, ನಿಜವಾಗಿಯೇ ಅತ್ತಿದ್ದ. ಫೋಟೋದವನೂ ಅಲ್ಲಿದ್ದ, ಅಷ್ಟೇ.

"ಅದು ಯಾಕಮ್ಮ ಈಗ?" ಎಂದ. ಕೇಳಿದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ.

"ನಾಳೆಯಿಂದ ಇದು ಮುಚ್ಚತ್ತಲ್ಲ ಸಾರ್. ನನಗೆ ಬೆಳಗಿನ ಪಾಳಿ."

"ಮುಚ್ಚಲ್ಲಮ್ಮ. ಸಮುದಾಯಕ್ಕೆ ಒಪ್ಪಿಸ್ತಿದ್ದೀವಿ."

"ಸಮುದಾಯ ಅಂದ್ರೆ ಯಾರು ಸಾರ್?"

"ನೀವೇ. ನೀವು, ಅಕ್ಕಪಕ್ಕದವರು, ಎಲ್ಲರೂ ಸೇರಿ ನಡೆಸ್ಕೊಂಡು ಹೋಗೋದು."

ತಾಯಿ ಸುತ್ತ ನೋಡಿದಳು. ಎಲ್ಲರೂ ಎಂದರೆ ಅಲ್ಲಿ ಇದ್ದದ್ದು ಲಾರಿಯ ಕೂಲಿಗಳು ಮತ್ತು ನಾಳೆಯಿಂದ ಕೆಲಸವಿಲ್ಲದ ಟೀಚರಮ್ಮ.

"ನಾನೇ ಸಮುದಾಯ ಆದ್ರೆ ಡಬ್ಬಿ ಫ್ಯಾಕ್ಟರಿಗೆ ಯಾರು ಸಾರ್ ಹೋಗೋದು?"

ಆಟದ ಸಾಮಾನುಗಳನ್ನು ಮೂಟೆ ಕಟ್ಟುತ್ತಿದ್ದ ಟೀಚರಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. "ಕಂಪನಿಯವರು ಈ ವರ್ಷದಿಂದ ಆ ದುಡ್ಡಲ್ಲಿ ಗಿಡ ನೆಡ್ತಾರಂತೆ ಅಕ್ಕ. ಗಿಡಗಳೇ ವಾಸಿ ಬಿಡಿ. ನೆಟ್ಟ ಕಡೆ ನಿಂತಿರ್ತವೆ, ರಸ್ತೆಗೆ ಓಡಲ್ಲ." ಆಮೇಲೆ ಅಧಿಕಾರಿಯತ್ತ ತಿರುಗಿದಳು. "ಈ ಹುಡುಗಿ ಬೂಟಿಗೆ ಕಾಲು ಕೊಡೋದು ಕಲಿಯೋಕೆ ಮೂರು ವರ್ಷ ಹಿಡೀತು ಸಾರ್. ಮೊದಲು ಕಾಲು ಮುಟ್ಟಿದ್ರೆ ಒದೀತಿದ್ಲು. ಕಾಲು ಕೊಟ್ಟಾಗೆಲ್ಲ ಚಪ್ಪಾಳೆ ತಟ್ಟಿ ತಟ್ಟಿ ನನ್ನ ಕೈಯಲ್ಲಿ ಬೊಬ್ಬೆ ಎದ್ದಿದೆ. ಇನ್ನಷ್ಟು ದಿನ ಸಿಕ್ಕಿದ್ರೆ ರಸ್ತೆ ಅಂದ್ರೇನು ಅಂತಾನೂ ಕಲಿಸ್ತಿದ್ದೆ."

ಅಧಿಕಾರಿ ತಲೆ ತಗ್ಗಿಸಿದ. ಬೇಡ, ಮುಚ್ಚಬೇಡಿ ಎಂದು ಮೇಲಿನವರ ಕೈಕಾಲು ಹಿಡಿದು ಸೋತು ಬಂದವನು ಅವನು. ಅದನ್ನು ಈಗ ಹೇಳಿ ಯಾರಿಗೇನು ಬಂತು?

"ಆ ಪೆಟ್ಟಿಗೆ ಹೆಡ್ ಆಫೀಸಿಗೆ ಹೋಗ್ಬೇಕಮ್ಮ," ಎಂದ ಕೊನೆಗೆ. "ಈ ಕೇಂದ್ರಕ್ಕೆ ಪ್ರಶಸ್ತಿ ಬಂದಿದೆ. ಸಮಾರಂಭದಲ್ಲಿ ಇದನ್ನ ಎಲ್ಲರಿಗೂ ತೋರಿಸ್ತಾರಂತೆ. ಬೇಕಿದ್ರೆ ನಿಮಗೆ ನಾನೇ ಅಂಗಡಿಯಿಂದ ಒಂದು ಹೊಸ..." ಮಾತು ಅಲ್ಲಿಗೇ ನಿಂತಿತು. ತಾನು ಏನನ್ನು ತಂದುಕೊಡುತ್ತೇನೆ ಎನ್ನುತ್ತಿದ್ದೇನೆ ಎಂಬುದು ತಡವಾಗಿ ತಲೆಗೆ ಹೋಗಿತ್ತು.

"ಅಂಗಡೀದು ಬೇಡ ಸಾರ್, ಪ್ಲಾಸ್ಟಿಕ್ ಹಗ್ಗ ಕಾಲು ಕೊಯ್ದುಬಿಡತ್ತೆ. ಇದು ನನ್ನ ಹಳೇ ಬಟ್ಟೆ ಹರಿದು ನಾನೇ ಹೆಣೆದಿದ್ದು. ಕಾಲಿಗೆ ಬರೋ ಕಡೆ ಒಳಗೆ ಹತ್ತಿ ಇಟ್ಟು ಹೊಲಿದಿದ್ದೀನಿ ನೋಡಿ. ಒಂದು ದಿನಾನೂ ಗಾಯ ಆಗಿಲ್ಲ." ಅವಳ ದನಿಯಲ್ಲಿ ಸ್ವಲ್ಪ ಅಭಿಮಾನವೂ ಇತ್ತು, ಅಷ್ಟೇ ಸಂಕಟವೂ ಇತ್ತು. "ಇಲ್ಲಿಗೆ ಬಂದವರೆಲ್ಲ ಗಾಜಿನಾಚೆ ನಿಂತು ಛೆ ಛೆ ಅಂದ್ರು ಸಾರ್. ಮುಟ್ಟಿ ನೋಡಿದವರು ಯಾರೂ ಇಲ್ಲ."

ಅಧಿಕಾರಿ ಕೂಲಿಯವನಿಂದ ಸ್ಕ್ರೂಡ್ರೈವರ್ ಇಸಿದುಕೊಂಡ. "ಪ್ರಶಸ್ತಿ ಮನೆ ಹಾಳಾಗ್ಲಿ," ಎಂದು ಗೊಣಗುತ್ತ ಪೆಟ್ಟಿಗೆ ಬಿಚ್ಚಿ ಹಗ್ಗ ತೆಗೆದುಕೊಟ್ಟ. ಕೊಡುವಾಗ ಅವಳ ಮುಖ ನೋಡಲು ಅವನಿಗೆ ಆಗಲಿಲ್ಲ.

"ಬೆಳೆದುಬಿಟ್ಟಿದ್ದಾಳೆ, ಸಾಲತ್ತೋ ಇಲ್ವೋ," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ತಾಯಿ ಮಗಳನ್ನು ಉಳಿದಿದ್ದ ಒಂದೇ ಬೆಂಚಿನ ಮೇಲೆ ಕೂರಿಸಿದಳು. ಬೂಟು ಕಳಚಿ ಪಕ್ಕಕ್ಕಿಟ್ಟು, ಹಗ್ಗ ಹಿಡಿದು ಮಂಡಿಯೂರಿದಳು. ಒದೆಯುತ್ತಾಳೆ, ಕಿರುಚುತ್ತಾಳೆ, ಹಿಂದಿನ ಹಾಗೆ ಕಾಲನ್ನು ಒತ್ತಿ ಹಿಡಿಯಬೇಕು ಎಂದು ಹಲ್ಲು ಕಚ್ಚಿಕೊಂಡಳು.

ಹಿಡಿಯಬೇಕಾಗಲಿಲ್ಲ. ಗಿಣಿ ತಾನಾಗಿಯೇ ಕಾಲು ಮುಂದೆ ಕೊಟ್ಟಳು. ಗಂಟು ಬಿಗಿಯುವವರೆಗೂ ಅಲುಗಾಡದೆ ಕೂತಿದ್ದಳು. ಆಮೇಲೆ, ಕಲಿಸಿದ ಹಾಗೆಯೇ, ಇನ್ನೊಂದು ಕಾಲನ್ನೂ ಮುಂದಿಟ್ಟು, ಚಪ್ಪಾಳೆಗಾಗಿ ಟೀಚರಮ್ಮನ ಮುಖ ನೋಡಿದಳು.