ಒಂದರ ಮೇಲೊಂದು ಬಿದ್ದ ಚುಕ್ಕೆಗಳು

ನೆಲದಿಂದ ವಿಕಿರಣ ಸೂಸುವ ಅನಿಲ ಉಕ್ಕತೊಡಗಿದ ಮೇಲೆ ಊರಿನ ಪ್ರತಿ ಕೋಣೆಯಲ್ಲೂ ಪ್ಲಾಸ್ಟಿಕ್ ಬಿಲ್ಲೆಯೊಂದು ತೂಗುತ್ತಿತ್ತು. ಆ ಅನಿಲದಿಂದ ಸಿಡಿದ ಆಲ್ಫಾ ಕಣಗಳು ಬಿಲ್ಲೆಯಲ್ಲಿ ಕೊರೆದ ಚುಕ್ಕೆಗಳು ನಾನೂರು ದಾಟಿದರೆ ಕೋಣೆಗೆ ಬೀಗ ಬೀಳುತ್ತಿತ್ತು.

ಅಂದು ಪರೀಕ್ಷಕಿ ರೋಸಲಿನ್ ಕೈಗೆ ಬಂದ ಅರವತ್ತನೇ ಬಿಲ್ಲೆ, ಎದುರಿಗೆ ಕೂತಿದ್ದ ಅಜ್ಜಿ ಮುನಿರತ್ನಮ್ಮನದು. ಕಂಪ್ಯೂಟರ್ ಅದರ ಚಿತ್ರ ನೋಡಿ ಮುನ್ನೂರ ತೊಂಬತ್ತು ಎಂದಿತು.

“ಬದುಕ್ಕೊಂಡ್ವಿ ಕಣಮ್ಮ! ಮೊಮ್ಮಗಳ್ನ ಎಲ್ಲಿ ಮಲಗಿಸ್ಲಿ ಅಂತ ಹೆದರಿದ್ದೆ,” ಎನ್ನುತ್ತ ಅಜ್ಜಿ ಎದ್ದಳು.

ರೋಸಲಿನ್‌ಗೆ ಕಣ್ಣು ಉರಿಯುತ್ತಿತ್ತು. ಮೊಹರು ಒತ್ತಿಬಿಟ್ಟರೆ ಮನೆಗೆ ಹೋಗಬಹುದಿತ್ತು. ಆದರೆ ಒಂದರ ಮೇಲೊಂದು ಬಿದ್ದ ಚುಕ್ಕೆಗಳನ್ನು ಕಂಪ್ಯೂಟರ್ ಒಂದೇ ಎಂದು ಎಣಿಸಿದ್ದು ಅವಳಿಗೆ ಕಂಡಿತ್ತು. ಚಿತ್ರ ಹಿಗ್ಗಿಸಿ, ಬಿಡಿಸಿ ಬಿಡಿಸಿ ತಾನೇ ಎಣಿಸಿದಳು. ನಾನೂರ ಅರವತ್ತಾಯಿತು.

“ಕೂತ್ಕೊಳ್ಳಿ ಅಜ್ಜಿ. ಆ ಕೋಣೆ ಬೇಡ.”

ಅಜ್ಜಿಯ ಮುಖ ಬಾಡಿತು. “ಹಂಗಾದ್ರೆ ಮಗು?”

“ನಮ್ಮನೇಲಿ ಮಲಗ್ಲಿ,” ಎಂದಳು ರೋಸಲಿನ್. “ಮಂಚ ಚಿಕ್ಕದು, ಒತ್ತರಿಸ್ಕೋತೀನಿ.”