ಸೀರೆ ಹಿಡಿಸದ ಮೆಷಿನ್

ಬಟ್ಟೆ ಒಗೆಯುವ ಮೆಷಿನ್ನಿನ ಅಂಗಡಿಯವನು ಮೊದಲು ಕೇಳಿದ್ದು, ಮನೆಯಲ್ಲಿ ಎಷ್ಟು ಜನ ಗಾಳಿಪೆಟ್ಟಿಗೆಯಿಂದ ಉಸಿರಾಡುತ್ತಾರೆ ಎಂದು.

"ನಮ್ಮತ್ತೆ ಒಬ್ರೇ," ಎಂದಳು ಭಾಮಿನಿ. ಪಕ್ಕದಲ್ಲೇ ಕೂತಿದ್ದ ಅತ್ತೆ ಪಂಕಜಮ್ಮನ ಮಡಿಲಲ್ಲಿ, ಅಂಗಡಿಯ ಪ್ಲಗ್ಗಿಗೆ ಸಿಕ್ಕಿಸಿದ್ದ ಪೆಟ್ಟಿಗೆ ಗೊರಗುಟ್ಟುತ್ತಿತ್ತು.

ಹೊರಗಿನ ಗಾಳಿ ಕೆಟ್ಟು, ಊರಿನ ಕಿಟಕಿಗಳನ್ನೆಲ್ಲ ಸೀಲ್ ಮಾಡಿ ಹನ್ನೊಂದು ವರ್ಷವಾಗಿತ್ತು. ಹೊರಗೆ ಬಟ್ಟೆ ಹರವುವಂತಿಲ್ಲ. ಒಳಗೆ ಹರವಿದರೆ ಬೂಷ್ಟು ಮೊದಲು ಗೋಡೆಗೆ, ಆಮೇಲೆ ಮಕ್ಕಳ ಎದೆಗೆ. ಮನೆಮನೆಗೆ ಬರುವ ಕರೆಂಟು ಅಷ್ಟಕ್ಕಷ್ಟೇ. ಮೆಷಿನ್ ಹಾಕಿದರೆ ಗಾಳಿಪೆಟ್ಟಿಗೆಯ ಪ್ಲಗ್ ಕೀಳಬೇಕು; ಅದರ ಬ್ಯಾಟರಿ ಮುಗಿದರೆ ಉಸಿರೂ ಮುಗಿದಂತೆ.

"ಈ ದೊಡ್ಡದು ಒಗೆದು, ಹಬೆ ಹೊರಗೆ ಬಿಡದೆ ಒಣಗಿಸಿಯೇ ಕೊಡುತ್ತೆ ಮೇಡಂ. ಎರಡು ಗಂಟೆ. ಅಜ್ಜಿ ಪೆಟ್ಟಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?"

"ಮುಕ್ಕಾಲು ಗಂಟೆ. ಮಧ್ಯೆ ಮೆಷಿನ್ ನಿಲ್ಲಿಸಿದ್ರೆ?"

"ಅರ್ಧಂಬರ್ಧ ಒದ್ದೆ. ಮತ್ತೆ ಬೂಷ್ಟೇ."

"ಬೇರೆ ಯಾವುದೂ ಇಲ್ವಾ?"

"ಈ ಚಿಕ್ಕದಿದೆ. ಇದಕ್ಕೂ ಒಂದು ಗಂಟೆ ಬೇಕು. ಮಕ್ಕಳ ಬಟ್ಟೆ, ನಿಮ್ಮ ಬಟ್ಟೆ ಹಿಡಿಸುತ್ತೆ, ಸೀರೆ ಹಿಡಿಸಲ್ಲ."

ಪಂಕಜಮ್ಮ ಪ್ಲಗ್ ಕಿತ್ತ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಎದ್ದುಬಂದು ಚಿಕ್ಕ ಮೆಷಿನ್ನಿನ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ ನೋಡಿದರು.

"ಇದೇ ಇರ್ಲಿ ಬಿಡಪ್ಪ. ಇನ್ಮೇಲೆ ಸೀರೆ ಒಗೆಯೋದಿರಲ್ಲ."

ಇಂಥ ಅಜ್ಜಿಯರನ್ನು ದಿನವೂ ನೋಡುವ ಅಂಗಡಿಯವನು ಬಿಲ್ ಪುಸ್ತಕ ತೆರೆದ. ಹಾಗೆಲ್ಲ ಅನ್ಬೇಡಿ ಅತ್ತೆ ಎಂಬ ಮಾತು ಭಾಮಿನಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಯಿ ತೆರೆದಳು.

"ಯಾವತ್ತು ಮನೆಗೆ ಕಳಿಸ್ತೀರಿ?" ಎಂದು ಕೇಳಿದಳು.