ಕೊನೆಗೂ ಬಿಟ್ಟ ಚೆಂಡು

ರಗ್ಬಿ ಲೀಗ್ ಫೈನಲ್ಲಿನ ಕೊನೆಯ ಓಟ. ಕಲೀಮನ ತಂಡದವರು ಆಗಲೇ ಐದು ಸಲ ಚೆಂಡಿನೊಂದಿಗೆ ನೆಲಕ್ಕುರುಳಿದ್ದರು. ಇನ್ನೊಮ್ಮೆ ಬಿದ್ದರೆ ಚೆಂಡೂ ಕಪ್ಪೂ ಎದುರಾಳಿಗೆ. ಎಡ ಅಂಚಿನಲ್ಲಿ ಅದೇ ತಂಡದ ಹರ್ಷನ ಮುಂದೆ ತಡೆಯುವವರೇ ಇರಲಿಲ್ಲ. ಚೆಂಡು ಕೊಡೆಂದು ಅವನು ಕೈ ಎತ್ತಿದ.

“ಕಲೀಮನ ಕೈಯಿಂದ ಚೆಂಡು ಬಿಡ್ಸಕ್ಕೆ ಮಂಡ್ಯದಿಂದ ಜೆಸಿಬಿನೇ ತರಿಸ್ಬೇಕು,” ಎಂದಳು ಅಮೆರಿಕದ ಲಿವರ್‌ಮೋರಿನ ಆ ಮೈದಾನದಂಚಿನಲ್ಲಿ ಕೂತಿದ್ದ ಹರ್ಷನ ಅಜ್ಜಿ ವೆಂಕಟಮ್ಮ.

“ಸುಮ್ನಿರಿ ಅಜ್ಜಿ, ಟೆನ್ಶನ್ ಆಗ್ತಿದೆ,” ಎಂದಳು ಹರ್ಷನ ಹೆಂಡತಿ ನಿಸರ್ಗಾ.

ಪ್ರಾಕ್ಟೀಸಿನಲ್ಲಿ ನಾಯಕ ಕಲೀಮ್ ಎಲ್ಲರಿಗೂ ಚೆಂಡು ಹಂಚುತ್ತಿದ್ದ. ದೊಡ್ಡ ಪಂದ್ಯದಲ್ಲಿ ಮಾತ್ರ ಯಾರನ್ನೂ ನಂಬದೆ ತಾನೇ ನುಗ್ಗಿ ಬೀಳುತ್ತಿದ್ದ. ಹೋದ ವರ್ಷದ ಫೈನಲ್ಲನ್ನೂ ಹಾಗೇ ಕಳೆದುಕೊಂಡಿದ್ದ. ಈಗಲೂ ತಲೆ ತಗ್ಗಿಸಿ ನುಗ್ಗಿದ. ಅದನ್ನು ಕಂಡ ಹರ್ಷ ಕೈ ಇಳಿಸಿ, ಓಡುವುದನ್ನೂ ನಿಲ್ಲಿಸಿದ.

ಅಷ್ಟರಲ್ಲಿ ಕಲೀಮ್ ತಲೆ ಎತ್ತಿ, ಎಡಕ್ಕೆ ತಿರುಗಿ, ಚೆಂಡನ್ನು ಎಸೆದ. ಹರ್ಷ ಓಡಿ ತಲುಪಬೇಕಿದ್ದ ಜಾಗದಲ್ಲಿ ಬಿದ್ದ ಚೆಂಡು, ಪುಟಿಯುತ್ತ ಅಂಚಿನ ಗೆರೆ ದಾಟಿಹೋಯಿತು. ರೆಫರಿ ಪಂದ್ಯ ಮುಗಿಯಿತೆಂದು ಸೀಟಿ ಊದಿದ.

“ಕೊಟ್ನಲ್ಲೋ ಹರ್ಷ,” ಎಂದ ಕಲೀಮ್, ಮಂಡಿಯೂರಿ. “ಈ ಸಲ ಕೊಟ್ನಲ್ಲೋ.”

“ನೀನು ಕೊಡ್ತೀಯ ಅಂತ ನಂಗೆ ಅನ್ನಿಸ್ಲೇ ಇಲ್ಲ ಕಣೋ.”